ಏಸಿ ರಿಪೇರಿಯವರು

ಮಾರ್ಚ್ ೩, ಸೋಮವಾರ

ಅಪ್ಪಾ,

ನಮ್ಮ ಮನೆಗೆ ಏಸಿ ಬಂದಿದೆ, ಅದನ್ನು ಗೋಡೆಗೆ ಕೂರಿಸುವವರು ನಾವೇ, ನಾನು ಮತ್ತು ಇವರು, ಬೇರೆ ಒಂದು ನರಪಿಳ್ಳೆಯನ್ನೂ ಕರೆಯುವುದಿಲ್ಲ. ಬರೀ ತಣ್ಣಗೆ ಮಾಡುವುದಲ್ಲ, ಚಳಿಗಾಲದಲ್ಲಿ ಅದೇ ಪೆಟ್ಟಿಗೆ ಬಿಸಿಗಾಳಿಯನ್ನೂ ಬಿಡುತ್ತದಂತೆ. ನೋಡು, ಇದನ್ನೆಲ್ಲ ನಾನು ನಿನಗೆ ಹೇಳಿಕೊಡುತ್ತಿದ್ದೇನೆ.

ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ. ನಾನು ಎಷ್ಟು ಖುಷಿಯಾಗಿದ್ದೇನೆ ಎಂದರೆ ಬೆಳಿಗ್ಗೆ ಹಾಲು ಉಕ್ಕಿದರೂ ನಗು ಬರುತ್ತದೆ. ಇವರು ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುವ ಮನುಷ್ಯ, ಸುತ್ತಿಗೆ ಹಿಡಿದು ಗೊತ್ತಿಲ್ಲ. ಆದರೂ ಏಸಿಯ ಜೊತೆ ಬಂದ ಪುಸ್ತಕವನ್ನು ಮೂರು ಸಲ ಓದಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದರ ಪಕ್ಕದಲ್ಲಿ ಕೋನ ಎಷ್ಟು ಎಂದೂ ಬರೆದಿಟ್ಟಿದ್ದಾರೆ.

ಏಸಿ ಅತ್ತೆಯ ಕೋಣೆಗೆ. ನಮ್ಮದು ಮೂರನೇ ಮಹಡಿ, ಮೇಲೆ ಬರೀ ತಾರಸಿ. ಅವರ ಕೋಣೆಗೆ ಇಡೀ ಮಧ್ಯಾಹ್ನ ಬಿಸಿಲು ಹೊಡೆಯುತ್ತದೆ. ಗೋಡೆ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಮದುವೆಗೆ ವಾರವಿರುವಾಗ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಇನ್ನೂ ಮಂಚ ಬಿಟ್ಟಿಲ್ಲ. ಮಗನ ಮದುವೆಯನ್ನೇ ನೋಡಲಿಲ್ಲವಲ್ಲ ಪಾಪ. ಬೆನ್ನೆಲ್ಲ ಬೆವರುಸಾಲೆ. ಬೇಸಿಗೆ ಮುಗಿಯುವವರೆಗೆ ಹೀಗೆಯೇ ಮಲಗಿದ್ದರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಈಗ ನಿನ್ನ ಕೆಲಸ. ಫೋನಿನಲ್ಲಿ ಕೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಮೂವತ್ತು ವರ್ಷ ಆ ಕಂಪ್ರೆಸರುಗಳ ಪಕ್ಕ ಕೂತು ಕಿವಿಗಳನ್ನು ಅವಕ್ಕೇ ಕೊಟ್ಟುಬಿಟ್ಟೆ. ಅದಕ್ಕೇ ಕಾಗದ. ಮೊದಲಿಂದ ಕೊನೆಯವರೆಗೆ ಏನೇನು ಮಾಡಬೇಕು ಎಲ್ಲವನ್ನೂ ಬರೆದು ಕಳಿಸು. ಇವರಿಗೆ ಕನ್ನಡ ಮಾತಾಡಲು ಬರುತ್ತದೆಯೇ ಹೊರತು ಓದು ಅಂಗಡಿಯ ಬೋರ್ಡಿನ ಮಟ್ಟದ್ದು. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಡುತ್ತೇನೆ. ಸ್ವಲ್ಪ ನೀಟಾಗಿ ಬರಿ ಅಪ್ಪ. ನೀನು ದೊಡ್ಡ ಕಂಪನಿಯಲ್ಲಿ ಕೂಲಿಂಗ್ ಎಂಜಿನಿಯರ್ ಎಂದು ನಾನು ಇಲ್ಲಿ ಹೇಳಿರುವುದು ನಿನಗೆ ಗೊತ್ತೇ ಇದೆ. ಅವತ್ತು ರಿಜಿಸ್ಟ್ರಾರ್ ಆಫೀಸಿನಲ್ಲಿ ನೀನು ಕೈಗಳನ್ನು ಕಿಸೆಯಿಂದ ಹೊರಗೆ ತೆಗೆಯದೆ ಎಷ್ಟು ಚೆನ್ನಾಗಿ ನಿಭಾಯಿಸಿದೆ. ಇವರು ಈಗಲೂ, ‘ನಿಮ್ಮಪ್ಪ ತುಂಬಾ ಗಂಭೀರ’ ಎನ್ನುತ್ತಾರೆ. ನನಗೆ ನಗು ತಡೆಯುವುದಿಲ್ಲ.

ನಿನ್ನ
ಗಿರಗಿಟ್ಲೆ


ಮಾರ್ಚ್ ೮

ಗಿರಗಿಟ್ಲೆಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ಅಂಗಡಿಯಲ್ಲಿ ನಿಂತೇ ಓದಿದೆ. ಪಕ್ಕದ ವೆಲ್ಡರಿಗೂ ಓದಿ ಹೇಳಿದೆ. ‘ಅಂತೂ ಮಗಳು ನಿನ್ ಕಸುಬಿಗೇ ಬಂದ್ಲಲ್ಲೋ’ ಅಂದ. ‘ಹೌದು, ಡಿಗ್ರಿ ಮುಗಿಸ್ಕೊಂಡು ಬಂದ್ಲು’ ಅಂದೆ.

ಈಗ ಎಂಜಿನಿಯರ್ ಸಾಹೇಬರು ಹೇಳುವುದನ್ನು ಕೇಳು. ಒಳಗಿನ ಪೆಟ್ಟಿಗೆಯ ತಗಡನ್ನು ರಸಮಟ್ಟ ಇಟ್ಟು ನೋಡಿ, ಒಂದಿಷ್ಟೂ ವಾಲದ ಹಾಗೆ ಕೂರಿಸಿ. ಗೋಡೆಯ ತೂತು ಹೊರಗಡೆಗೆ ಒಂದು ಬೆರಳು ಇಳಿಜಾರಾಗಿರಲಿ, ಇಲ್ಲದಿದ್ದರೆ ನೀರು ನಿನ್ನ ಅತ್ತೆಯ ತಲೆಯ ಮೇಲೆ ಬೀಳುತ್ತದೆ. ಆಮೇಲೆ ಯಾವ ಎಂಜಿನಿಯರ್ ಬಂದರೂ ನಿನ್ನನ್ನು ಉಳಿಸಲಾರ. ಹೊರಗಿನ ಪೆಟ್ಟಿಗೆಯ ಕಾಲಿಗೆ ರಬ್ಬರ್ ಹಾಕಿ. ಕರೆಂಟಿಗೆ ಬೇರೆಯೇ ಲೈನು ಬೇಕು, ಅದೊಂದನ್ನು ಲೈಸೆನ್ಸ್ ಇರುವವನೇ ಮಾಡಲಿ, ಅದರಲ್ಲಿ ಮಾತ್ರ ನಿಮ್ಮ ಹುಡುಗಾಟ ಬೇಡ.

ತಾಮ್ರದ ಪೈಪು ಕತ್ತರಿಸುವಾಗ ಬಾಯಿ ಕೆಳಗೆ ಮಾಡಿ ಹಿಡಿ, ಪುಡಿ ಒಳಗೆ ಹೋಗಬಾರದು. ಪೈಪಿನ ಬಾಯಿ ಅರಳಿಸುವ ಮೊದಲು ನಟ್ಟನ್ನು ಪೈಪಿಗೆ ತೊಡಿಸಿಕೊಳ್ಳಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮೊದಲ ವರ್ಷ ಮರೆತು ಒದೆ ತಿಂದಿದ್ದೇನೆ. ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಒಂದು ತಡೆಯಲು, ಒಂದು ತಿರುಗಿಸಲು. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದುಬಿಡಿ. ಮುಕ್ಕಾಲು ಗಂಟೆ. ಆಮೇಲೆ ಗ್ಯಾಸ್ ಬಿಡಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ ನೊರೆ ಮಾಡಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ನಾಲ್ಕೂ ಜಾಯಿಂಟಿಗೆ ಮೆತ್ತು. ಹತ್ತು ನಿಮಿಷ ಒಲೆಯ ಮೇಲಿಟ್ಟ ಹಾಲಿನ ಮುಂದೆ ನಿಂತ ಹಾಗೆ ನಿಂತು ನೋಡು. ಒಂದು ಗುಳ್ಳೆ ಎದ್ದರೂ ಅಲ್ಲಿ ಸೋರುತ್ತಿದೆ ಎಂದು ಅರ್ಥ.

ಸೀಸನ್ ಶುರುವಾಗಿದೆ, ಅಂಗಡಿಯಲ್ಲಿ ತಲೆ ಎತ್ತಲು ಪುರಸೊತ್ತಿಲ್ಲ. ಆದರೂ ಒಂದು ಮಾತು ಹೇಳು, ಪಂಪು ಹೆಗಲಿಗೆ ಹಾಕಿಕೊಂಡು ಬರುತ್ತೇನೆ. ಅರ್ಧ ದಿನದ ಕೆಲಸ. ನಿನ್ನ ಮನೆಯನ್ನೂ ನೋಡಿದ ಹಾಗಾಗುತ್ತದೆ.

ಅಪ್ಪ


ಮಾರ್ಚ್ ೧೩

ಅಪ್ಪಾ,

ಹದಿನಾಲ್ಕು ಪಾಯಿಂಟ್ ಆಯಿತು. ಟೈಪ್ ಮಾಡಿ, ಮೇಲೆ ದಪ್ಪಕ್ಷರದಲ್ಲಿ ತಲೆಬರಹ ಹಾಕಿ, ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಇವರ ಕೈಗೆ ಕೊಟ್ಟೆ. ಇವರು ಅದನ್ನು ಅತ್ತೆಗೆ ಓದಿ ಹೇಳಿದರು. ಅತ್ತೆ, ‘ನೋಡು, ಓದಿದವರು ಬರೆಯೋದೇ ಬೇರೆ’ ಅಂದರು. ನಾನು ಹೆಮ್ಮೆಯಿಂದ ಊದಿಕೊಂಡು ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದೆ.

ಆ ಪಾತ್ರೆ ಸೋಪು, ಹಳೇ ಬ್ರಷ್ಷು, ನೀನು ಒದೆ ತಿಂದದ್ದು ಇವನ್ನೆಲ್ಲ ಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಉಳಿದದ್ದರ ಜೊತೆ ಅದು ಯಾಕೋ ಹೊಂದಲಿಲ್ಲ. ಕಂಪನಿಯ ಎಂಜಿನಿಯರ್ ಹಲ್ಲುಜ್ಜುವ ಬ್ರಷ್ ಹಿಡಿಯುತ್ತಾನೆಯೇ, ನೀನೇ ಹೇಳು.

ಗೋಡೆಗೆ ತೂತು ಕೊರೆದೆವು. ಅರ್ಧದಲ್ಲಿ ಡ್ರಿಲ್ ನಿಂತಿತು. ಇವರ ತಲೆ, ಹುಬ್ಬು, ಕನ್ನಡಕ ಎಲ್ಲ ಇಟ್ಟಿಗೆಯ ಪುಡಿ. ಅತ್ತೆ ಮಲಗಿದಲ್ಲಿಂದಲೇ, ‘ಲೇ, ಆಚೆ ಮನೆ ಕಾಣ್ತಿದೆಯೇನೋ? ಅವರನ್ನೇ ಆ ಕಡೆಯಿಂದ ಕೊರೀರಿ ಅನ್ನು’ ಅಂದರು. ಅತ್ತೆ ಹೀಗೆಯೇ ಅಪ್ಪ, ನೋವಿನಲ್ಲೂ ಬಾಯಿ ಸುಮ್ಮನಿರುವುದಿಲ್ಲ.

ನೀನು ಬರುವ ವಿಷಯ. ಬಾ ಎನ್ನಲು ನನಗೆ ಆಸೆಯೇ. ಆದರೆ ಈಗ ಮನೆಯೆಲ್ಲ ಧೂಳು, ಅತ್ತೆಯ ಸೊಂಟ ಬೇರೆ ಹಾಗಿದೆ, ಮಲಗಿಸಲು ಇನ್ನೊಂದು ಕೋಣೆಯೂ ಇಲ್ಲ. ಎಲ್ಲ ಒಂದು ಹದಕ್ಕೆ ಬರಲಿ, ಸಾವಕಾಶವಾಗಿ ಕರೆಸಿಕೊಳ್ಳುತ್ತೇನೆ. ಪಂಪು ಇಲ್ಲೇ ಬಾಡಿಗೆಗೆ ಸಿಕ್ಕಿತು.

ಗಿರಗಿಟ್ಲೆ


ಮಾರ್ಚ್ ೧೮

ಗಿರಗಿಟ್ಲೆಗೆ,

ಆಯಿತು, ಸಾವಕಾಶವಾಗಿಯೇ ಆಗಲಿ. ನನಗೂ ಇಲ್ಲಿ ಐಸ್‌ಕ್ರೀಮ್ ಫ್ಯಾಕ್ಟರಿಯ ಕೆಲಸ ಇದೆ.

ಆದರೆ ಸೋಪನ್ನು ನಾನು ಚಂದಕ್ಕೆ ಬರೆದದ್ದಲ್ಲ. ಪಂಪು ಎಳೆಯುವಾಗ ಸುಮ್ಮನಿದ್ದ ಜಾಯಿಂಟು ಗ್ಯಾಸಿನ ಒತ್ತಡಕ್ಕೆ ಬಾಯಿ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ. ಹದಿನೈದು ದಿನ ಚೆನ್ನಾಗಿ ಓಡಿ ಆಮೇಲೆ ಕೈಕೊಡುತ್ತದೆ. ಹದಿನೈದನೇ ಪಾಯಿಂಟ್ ಅಂತ ಸೇರಿಸು. ಸೋಪಿಗೆ ಇಂಗ್ಲಿಷಿನಲ್ಲಿ ಏನಾದರೂ ದೊಡ್ಡ ಹೆಸರು ಇದ್ದೇ ಇರುತ್ತದೆ, ಅದನ್ನು ಹಾಕು. ಮಾಡಿ ನನಗೆ ಬರಿ.

ಅಪ್ಪ


ಮಾರ್ಚ್ ೨೨, ಶನಿವಾರ

ಅಪ್ಪಾ ಅಪ್ಪಾ,

ಓಡುತ್ತಿದೆ. ನಿನ್ನೆ ಸಂಜೆ ಐದೂ ಹತ್ತಕ್ಕೆ ಇವರು ಸ್ವಿಚ್ ಹಾಕಿದರು. ಮೊದಲು ಏನೂ ಇಲ್ಲ, ಮೂವರೂ ಉಸಿರು ಹಿಡಿದು ಕೂತಿದ್ದೆವು, ಆಮೇಲೆ ಪೆಟ್ಟಿಗೆಯ ರೆಕ್ಕೆ ತಾನಾಗಿಯೇ ತೆರೆದುಕೊಂಡು ತಣ್ಣನೆ ಗಾಳಿ ಬಂತು. ಅತ್ತೆ ಕಣ್ಣು ಮುಚ್ಚಿ, ‘ಇನ್ನು ನಾನು ಸತ್ತರೂ ಕೆಡಲ್ಲ ಬಿಡು’ ಅಂದರು. ರಾತ್ರಿ ಹೊದಿಕೆ ಕೇಳಿ ಹೊದ್ದುಕೊಂಡರು. ಮಾರ್ಚ್ ತಿಂಗಳಲ್ಲಿ ಹೊದಿಕೆ.

ಇವರನ್ನು ನೀನು ನೋಡಬೇಕಿತ್ತು. ಎರಡು ಸ್ಪ್ಯಾನರುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂತರು. ಕಾಲೇಜಿನಲ್ಲಿ ಎಲ್ಲರಿಗೂ, ‘ಮಾವನವರ ಡಿಸೈನು, ನನ್ನ ಕೈಕೆಲಸ’ ಎಂದು ಹೇಳಿಕೊಂಡು ಬಂದಿದ್ದಾರೆ. ಪಕ್ಕದ ಮನೆಯವರು, ಕೆಳಗಿನ ಮನೆಯವರು ಎಲ್ಲ ಬಂದು ಗೋಡೆಯನ್ನು ನೋಡಿಕೊಂಡು ಹೋದರು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಇದೆಲ್ಲ ನಿನ್ನಿಂದ.

ಗಿರಗಿಟ್ಲೆ


ಏಪ್ರಿಲ್ ೫

ಅಪ್ಪಾ,

ಏಸಿ ತಣ್ಣಗಾಗುತ್ತಿಲ್ಲ. ನಾಲ್ಕು ದಿನವಾಯಿತು. ಫ್ಯಾನ್ ತಿರುಗುತ್ತದೆ, ಗಾಳಿ ಬರುತ್ತದೆ, ಆದರೆ ಅದು ಬರೀ ಗಾಳಿ. ಹೊರಗೆ ಸಣ್ಣ ಪೈಪಿನ ಮೇಲೆ ಬೆಳ್ಳಗೆ ಮಂಜು ಕಟ್ಟಿದೆ. ಇದು ಏನಿರಬಹುದು?

ಅತ್ತೆಗೆ ಈಗ ಮೊದಲಿಗಿಂತ ಕಷ್ಟ. ತಂಪಿಗೆ ಒಗ್ಗಿಕೊಂಡ ಮೈ. ಬೆನ್ನಿನಲ್ಲಿ ಒಂದು ಕಡೆ ಚರ್ಮ ಕೆಂಪಗಾಗಿದೆ. ನಾನು ಎರಡು ಗಂಟೆಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೇನೆ.

ಇವರು ನಟ್ಟನ್ನು ಸರಿಯಾಗಿ ಬಿಗಿ ಮಾಡಿಲ್ಲವೇನೋ. ಇವರೂ ಹಾಗೆಯೇ ಹೇಳುತ್ತಾರೆ. ‘ನೋಟ್ಸಿನಲ್ಲಿ ತಪ್ಪಿಲ್ಲ, ನನ್ನ ಕೈಯಲ್ಲೇ ತಪ್ಪಿದೆ’ ಎಂದು ಹದಿನಾಲ್ಕು ಪಾಯಿಂಟನ್ನೂ ಮತ್ತೆ ಮತ್ತೆ ಓದುತ್ತಾರೆ. ಕಾಲೇಜಿನಲ್ಲಿ ಏಸಿಯ ಮಾತು ತೆಗೆಯುವುದನ್ನು ಬಿಟ್ಟಿದ್ದಾರೆ.

ಏನು ಮಾಡಬೇಕೆಂದು ಬೇಗ ಬರಿ. ಬರೆದರೆ ಸಾಕು.

ಗಿರಗಿಟ್ಲೆ


ಏಪ್ರಿಲ್ ೧೨, ಶನಿವಾರ

ಅಪ್ಪಾ,

ನೀನು ಕಣ್ಣಾರೆ ನೋಡಿದ್ದನ್ನೇ ನಿನಗೆ ಬರೆಯುತ್ತಿದ್ದೇನೆ. ನನ್ನ ಕೈಯಿಂದಲೇ ಬರೆಯದೆ ಹೋದರೆ ನಾನು ಅದನ್ನು ಬೇರೆ ಏನೋ ಮಾಡಿಕೊಂಡುಬಿಡುತ್ತೇನೆ. ಹಾಗೆ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ.

ಗುರುವಾರ ಹನ್ನೊಂದು ಗಂಟೆಗೆ ಬೆಲ್ ಆಯಿತು. ಇವರು ಕಾಲೇಜಿಗೆ ಹೋಗಿದ್ದರು. ಬಾಗಿಲು ತೆರೆದರೆ ನೀನು. ಹೆಗಲ ಮೇಲೆ ಪಂಪು, ಒಂದು ಕೈಯಲ್ಲಿ ಟೂಲಿನ ಡಬ್ಬ, ಇನ್ನೊಂದರಲ್ಲಿ ಗ್ಯಾಸಿನ ಸಿಲಿಂಡರ್. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದೆ. ಅಂಗಡಿಯ ನೀಲಿ ಅಂಗಿ ಹಾಕಿದ್ದೆ, ಮೊಣಕೈ ಹತ್ತಿರ ಎಣ್ಣೆಯ ಕಲೆ ಇದ್ದದ್ದು. ನೀನು ನಗುತ್ತಿದ್ದೆ.

ನಾನೂ ನಕ್ಕೆ, ಒಂದು ಕ್ಷಣ. ಅದನ್ನು ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆ, ‘ಯಾರಮ್ಮಾ?’ ಎಂದರು.

‘ಏಸಿ ರಿಪೇರಿಯವರು ಅತ್ತೆ’ ಎಂದೆ.

ಯೋಚಿಸಿ ಹೇಳಲಿಲ್ಲ ಎಂದು ಬರೆಯಬಹುದು, ನಿಜವೂ ಹೌದು. ಆದರೆ ಯೋಚಿಸದೆ ಬಂದದ್ದು ಅದೇ ಮಾತಲ್ಲವೇ, ಬೇರೆ ಯಾವುದೂ ಬರಲಿಲ್ಲವಲ್ಲ. ಅತ್ತೆಯ ದನಿ ನಿನಗೆ ಕೇಳಿಸಿರಲಿಕ್ಕಿಲ್ಲ. ನನ್ನದೂ ಕೇಳಿಸಿರಲಿಕ್ಕಿಲ್ಲ. ಆದರೆ ನೀನು ನನ್ನ ತುಟಿಯನ್ನು ನೋಡುತ್ತಿದ್ದೆ. ನನ್ನ ತುಟಿ ಓದಲು ನಿನಗೆ ಯಾವತ್ತೂ ಕಷ್ಟವಾದದ್ದಿಲ್ಲ. ನಗು ಅಲ್ಲೇ ನಿಂತಿತು. ಸಿಲಿಂಡರನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟು, ‘ಪೈಪ್ ಎಲ್ಲಿದೆ ಮೇಡಂ?’ ಎಂದು ಕೇಳಿದೆ.

ಆಗಲೂ ನಾನು ಹೇಳಬಹುದಿತ್ತು. ನಾನು ದಾರಿ ತೋರಿಸಿದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅತ್ತೆಯ ಕೋಣೆಯಲ್ಲಿ ನೀನು ಡಬ್ಬ ತೆರೆಯುವಾಗ ಅತ್ತೆ, ‘ಪಾಪ, ಎಷ್ಟು ಬೆವತಿದ್ದಾರೆ, ಮೊದಲು ಕೂರಿಸಮ್ಮಾ’ ಅಂದರು. ಕಿಟಕಿಯ ಹತ್ತಿರದ ಬಟ್ಟೆ ಹೊದಿಸಿದ ಕುರ್ಚಿಯನ್ನು ಎಳೆದೆ. ಎಳೆದು, ಅದರ ಮೇಲೆ ಹಳೇ ಪೇಪರ್ ಹಾಸಿದೆ. ನಿನ್ನ ಅಂಗಿಯ ಎಣ್ಣೆ ತಾಗದಿರಲಿ ಎಂದು. ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟು ಬರುವಾಗ ನೀನು ಹಾಕುತ್ತಿದ್ದ ಅಂಗಿಯ ಬಣ್ಣವೂ ಅದೇ. ಅಲ್ಲಿ ಇಂಗ್ಲಿಷ್ ಕಲಿಯಲಿ ಎಂದು ನೀನು ಬಿಟ್ಟು ಬಂದೆ. ನಾನು ಕಲಿತೆ.

ನೀನು ಪೇಪರನ್ನು ನೋಡಿದೆ. ‘ಬೇಡ ಮೇಡಂ, ನಮಗೆ ಇದೇ ಅಭ್ಯಾಸ’ ಎಂದು ಟೂಲಿನ ಡಬ್ಬದ ಮೇಲೆ ಕೂತೆ. ಚಹಾವನ್ನೂ ಅಲ್ಲೇ ಕುಡಿದೆ.

ಆಮೇಲೆ ನೀನು ಸೋಪು ಕೇಳಿದೆ. ನಾನು ಅಡುಗೆಮನೆಯಿಂದ ತಂದುಕೊಟ್ಟೆ, ಹಳೇ ಬ್ರಷ್ಷನ್ನೂ ಕೊಟ್ಟೆ. ನೀನು ಜಾಯಿಂಟಿಗೆ ನೊರೆ ಮೆತ್ತಿದ ಅರ್ಧ ನಿಮಿಷಕ್ಕೆ ದಪ್ಪ ಪೈಪಿನ ಹತ್ತಿರ ಸಾಸಿವೆಯಷ್ಟು ದೊಡ್ಡ ಗುಳ್ಳೆ ಎದ್ದು ಒಡೆಯಿತು, ಇನ್ನೊಂದು ಎದ್ದಿತು. ನೀನು ನನ್ನ ಕಡೆ ತಿರುಗಲಿಲ್ಲ. ನಿನ್ನ ಹದಿನೆಂಟನೇ ತಾರೀಖಿನ ಕಾಗದ ನನಗೆ ಬಂದಿತ್ತು ಅಪ್ಪ, ಓದಿದ್ದೆ. ಅಷ್ಟು ಹೊತ್ತಿಗೆ ಏಸಿ ಓಡುತ್ತಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಈಗ ಹೋಗಿ ಒಂದು ಪಾಯಿಂಟ್ ಬಿಟ್ಟುಹೋಗಿತ್ತು ಎಂದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರಲ್ಲ. ಅದಕ್ಕೆ ಸುಮ್ಮನಾದೆ. ಇವರ ಕೈ ಸರಿಯಿಲ್ಲ ಎಂದು ನಿನಗೆ ಬರೆದದ್ದು ಅದಾದ ಮೇಲೆ.

ಅತ್ತೆ ದುಡ್ಡು ಎಷ್ಟಾಯಿತು ಎಂದಾಗ ನೀನು, ‘ಗ್ಯಾರಂಟಿಯಲ್ಲಿದೆ ಅಮ್ಮಾ’ ಎಂದೆ. ಹೊರಡುವಾಗ ನಾನು ಮೆಟ್ಟಿಲಿನವರೆಗೆ ಬಂದೆ. ಏನಾದರೂ ಹೇಳುತ್ತೇನೆ ಎಂದುಕೊಂಡೇ ಬಂದೆ. ನೀನು, ‘ಒಳಗೆ ಹೋಗು, ನೋಡ್ತಾರೆ’ ಎಂದು ಇಳಿದುಬಿಟ್ಟೆ. ಎರಡನೇ ಮಹಡಿಯಲ್ಲಿ ಪಂಪನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡದ್ದು ಮೇಲಿನಿಂದ ಕಾಣಿಸಿತು.

ಏಸಿ ಚೆನ್ನಾಗಿ ಓಡುತ್ತಿದೆ. ಅತ್ತೆ ಮಲಗಿ ನಿದ್ದೆ ಮಾಡುತ್ತಿದ್ದಾರೆ. ನಾನು ಆ ಕೋಣೆಗೆ ಹೋಗಲಾರೆ.

ಬೈದು ಒಂದು ಕಾಗದ ಬರಿ.

ಗಿರಗಿಟ್ಲೆ


ಏಪ್ರಿಲ್ ೧೮

ಮಗಳೇ,

ಬೈಯುವಂಥದ್ದು ಏನೂ ಆಗಿಲ್ಲ. ಹೇಳದೆ ಕೇಳದೆ ಬಂದದ್ದು ನನ್ನ ತಪ್ಪು. ಬೆನ್ನಿನ ಚರ್ಮ ಕೆಂಪಾಗಿದೆ ಎಂದು ಬರೆದಿದ್ದೆಯಲ್ಲ, ಕಾಗದ ಬರೆದು ಕೂತರೆ ಹುಣ್ಣೇ ಆಗುತ್ತದೆ ಅನ್ನಿಸಿತು. ಬಟ್ಟೆ ಬದಲಾಯಿಸಿಕೊಂಡು ಬರಬೇಕಿತ್ತು, ಅದು ಹೊಳೆಯಲಿಲ್ಲ. ರಿಪೇರಿಗೆ ಹೋಗುವಾಗ ರಿಪೇರಿ ಬಟ್ಟೆ.

ಜಾಯಿಂಟು ನಿನ್ನ ಗಂಡ ಚೆನ್ನಾಗಿಯೇ ಬಿಗಿ ಮಾಡಿದ್ದಾನೆ. ಪೈಪಿನ ಬಾಯಿ ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಅದು ಎಂಥವನಿಗೂ ಆಗುತ್ತದೆ. ನೊರೆ ಹಚ್ಚಿದ್ದರೆ ಅವತ್ತೇ ಕತ್ತರಿಸಿ ಹೊಸದಾಗಿ ಅರಳಿಸುತ್ತಿದ್ದ. ಕೈ ನಿಧಾನ, ಆದರೆ ಶುದ್ಧ. ಅವನಿಗೆ ಹೇಳು. ಯಾರು ಹೇಳಿದರು ಎಂದು ಹೇಳಬೇಡ.

ನಿನ್ನ ಅತ್ತೆ ಒಳ್ಳೆಯವರು. ನೀನು ಚಹಾ ಮಾಡಲು ಹೋದಾಗ ತುಂಬಾ ಮಾತಾಡಿದರು. ಅರ್ಧಕ್ಕರ್ಧ ಕೇಳಿಸಲಿಲ್ಲ, ತಲೆಯಾಡಿಸಿದೆ. ಮಕ್ಕಳೆಷ್ಟು ಎಂದು ಕೇಳಿದ್ದು ತಿಳಿಯಿತು. ಒಬ್ಬಳೇ ಮಗಳು, ಮದುವೆಯಾಗಿದೆ ಎಂದೆ. ಹೇಗಿದ್ದಾಳೆ ಎಂದರು. ಒಳ್ಳೆ ಮನೆ ಸೇರಿದ್ದಾಳೆ ಎಂದೆ. ಅದರಲ್ಲಿ ಸುಳ್ಳು ಯಾವುದೂ ಇಲ್ಲವಲ್ಲ.

ಒಂದು ವಿಷಯ. ಅವರು ಈಗ ನನ್ನ ಮುಖ ನೋಡಿಬಿಟ್ಟಿದ್ದಾರೆ. ಇನ್ನು ನಿನ್ನ ಅಪ್ಪ ಎಂದು ನಾನು ಆ ಮನೆಗೆ ಬರುವಂತಿಲ್ಲ, ಬಂದರೆ ನಿನ್ನ ಮಾತು ಬೀಳುತ್ತದೆ. ಯೋಚಿಸಿ ನೋಡಿದೆ, ಬೇರೆ ದಾರಿ ಇಲ್ಲ. ಬೇಜಾರು ಬೇಡ. ವರ್ಷಕ್ಕೊಂದು ಸಲ ನೀನೇ ಬಂದು ಹೋಗು. ನಾಳೆ ಮಗು ಆದರೆ ಇಲ್ಲಿಗೇ ಕರೆದುಕೊಂಡು ಬಾ. ಅಲ್ಲಿ ಏನಾದರೂ ಕೆಟ್ಟರೆ ಬರಿ, ಆ ಊರಲ್ಲೇ ನನಗೆ ಗೊತ್ತಿರುವ ಒಳ್ಳೆ ಕೆಲಸಗಾರನೊಬ್ಬ ಇದ್ದಾನೆ, ಕಳಿಸುತ್ತೇನೆ.

ತಿಂಗಳಿಗೊಮ್ಮೆ ಒಳಗಿನ ಪೆಟ್ಟಿಗೆಯ ಜಾಲರಿ ತೊಳೆ. ಬಿಸಿಲಿಗೆ ಒಣಗಿಸಬೇಡ, ನೆರಳಿಗೆ ಇಡು.

ಅಪ್ಪ


ಮೇ ೪, ಭಾನುವಾರ

ಅಪ್ಪಾ,

ನಿನ್ನ ಕಾಗದ ಬಂದು ಹತ್ತು ದಿನವಾದರೂ ಉತ್ತರ ಬರೆಯಲಿಲ್ಲ. ಮೂರು ಬರೆದು ಹರಿದೆ. ಎಲ್ಲದರಲ್ಲೂ ನಾನು ಅಳುತ್ತಿದ್ದೆ, ಕ್ಷಮಿಸು ಎನ್ನುತ್ತಿದ್ದೆ, ಕೊನೆಗೆ ಎಲ್ಲವೂ ಇದ್ದ ಹಾಗೆಯೇ ಇರುತ್ತಿತ್ತು. ನೀನು ಇನ್ನೆಂದೂ ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪಿಕೊಂಡ ಹಾಗೆಯೇ ಇರುತ್ತಿತ್ತು. ಈಗ ಹೇಳಲು ಬೇರೆ ವಿಷಯ ಇದೆ. ಹೇಳಿದ್ದೇನೆ. ಇಬ್ಬರಿಗೂ.

ನಾನಾಗಿಯೇ ಧೈರ್ಯ ಮಾಡಿ ಹೇಳಿದೆ ಎಂದು ತಿಳಿಯಬೇಡ. ಕೆಳಗಿನ ಮನೆಯವರಿಗೆ ಏಸಿ ರಿಪೇರಿ ಬೇಕಾಯಿತು. ಅತ್ತೆ, ‘ನಮ್ಮನೆಗೆ ಬಂದವರನ್ನೇ ಕರೆಸಿ, ಅವರು ಮುಟ್ಟಿದ್ರೆ ಮಷೀನು ಹೇಳಿದ ಮಾತು ಕೇಳುತ್ತೆ’ ಎಂದು ಹೊಗಳಿ ನಂಬರ್ ಕೇಳಿದರು. ಕಳೆದುಹೋಯಿತು ಎಂದೆ. ‘ಕಂಪನಿಗೆ ಫೋನ್ ಮಾಡು’ ಎಂದು ಮಗನಿಗೆ ಹೇಳಿದರು. ಇವರು ಮಾಡಿದರು. ನಾವು ಯಾರನ್ನೂ ಕಳಿಸಿಯೇ ಇಲ್ಲ ಎಂದಿತು ಕಂಪನಿ.

ಅತ್ತೆಯ ಮುಖ ಬಿಳಿಚಿಕೊಂಡಿತು. ‘ಹಾಗಾದ್ರೆ ಅವನು ಯಾರು? ದುಡ್ಡು ಬೇರೆ ಬೇಡ ಅಂದ. ನಾನಿಲ್ಲಿ ಏಳೋಕಾಗದೆ ಬಿದ್ದಿದ್ದೀನಿ, ಇವಳು ಚಹಾ ಮಾಡೋಕೆ ಹೋಗಿದ್ಲು’ ಎಂದರು. ‘ಬೀರು ತೆಗೆದು ನೋಡೋ’ ಎಂದರು. ಇವರು ಬೀರುವಿನ ಬಾಗಿಲು ತೆರೆದರು. ‘ಕಳ್ಳರು ಈಗ ಟೂಲ್ ಹಿಡ್ಕೊಂಡೇ ಬರ್ತಾರಂತೆ, ಕೆಳಗೆ ವಾಚ್‌ಮನ್ನಿಗೆ ಗುರುತು ಹೇಳಿಬರ್ತೀನಿ’ ಎಂದು ಚಪ್ಪಲಿ ಮೆಟ್ಟಿದರು.

ಕಳ್ಳ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನಿಂದ ಆಗಲಿಲ್ಲ. ‘ಅವರು ನಮ್ಮಪ್ಪ’ ಎಂದೆ.

ಇವರು ಒಂದು ಚಪ್ಪಲಿ ಹಾಕಿಕೊಂಡು ನಿಂತೇ ಇದ್ದರು. ರಿಜಿಸ್ಟ್ರಾರ್ ಆಫೀಸಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಂಗಡಿ, ಮೆಕ್ಯಾನಿಕ್ಕು, ಟೈಪ್ ಮಾಡುವಾಗ ಬಿಟ್ಟದ್ದು, ನೀನು ಎರಡನೇ ಸಲ ಬರೆದರೂ ಮುಚ್ಚಿಟ್ಟದ್ದು.

ಅತ್ತೆ ಕಿಟಕಿಯ ಹತ್ತಿರದ ಕುರ್ಚಿಯ ಕಡೆ ತಿರುಗಿದರು. ಆಮೇಲೆ, ‘ನನ್ನ ಮನೇಲಿ ಬೀಗರು ಡಬ್ಬದ ಮೇಲೆ ಕೂತು ಚಹಾ ಕುಡಿದ್ರಾ?’ ಎಂದರು. ಹೌದು ಎಂದೆ. ‘ನಾನು ಕುರ್ಚಿ ಕೊಡು ಅಂದಿದ್ದೆ ಕಣೇ. ನೀನು ಪೇಪರ್ ಹಾಸಿದೆ. ಎಂಥವಳಪ್ಪಾ ಇವಳು, ಕೆಲಸದವರನ್ನ ಕಂಡ್ರೆ ಹೀಗೆ ಮಾಡ್ತಾಳಲ್ಲ, ಯಾವ ಮನೆಯಿಂದ ಬಂದ್ಲೋ ಅಂತ ಅವತ್ತೇ ಅನ್ನಿಸ್ತು. ಆದರೆ ನಿಮ್ಮಪ್ಪನಿಗೇ ಹಾಸಿದ್ದು ಅಂತ ಹೇಗೆ ಗೊತ್ತಾಗ್ಬೇಕು?’

ಅವರ ಭಯದಿಂದ ಸುಳ್ಳು ಹೇಳಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಈ ಮನೆಯಲ್ಲಿ ಯಾರೂ ನನ್ನ ಕುತ್ತಿಗೆ ಪಟ್ಟಿ ಹಿಡಿದು ಕೇಳಿರಲಿಲ್ಲ ಅಪ್ಪ. ನಾಚಿಕೆ ಪಟ್ಟವಳು ನಾನೊಬ್ಬಳೇ. ಸ್ಕೂಲಿನಲ್ಲಿ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ನೀನು ಪ್ರಿನ್ಸಿಪಾಲರ ಕೋಣೆಯ ಏಸಿ ರಿಪೇರಿಗೆ ಬಂದಿದ್ದೆಯಲ್ಲ, ಏಣಿಯ ಮೇಲಿನಿಂದ ನನ್ನನ್ನು ಕಂಡು ಕೈ ಬೀಸಿದೆ. ನಾನು ನೀರು ಕುಡಿಯುವ ನಲ್ಲಿಯ ಕಡೆ ತಿರುಗಿ, ಬಾಯಾರಿಕೆ ಇಲ್ಲದಿದ್ದರೂ ತುಂಬಾ ಹೊತ್ತು ನೀರು ಕುಡಿದೆ. ನೀನು ಅದನ್ನು ನೋಡಿದ್ದೆ ಎಂದು ಈಗ ಅನ್ನಿಸುತ್ತದೆ. ಆಮೇಲೆ ನೀನು ಯಾವತ್ತೂ ಆ ಸ್ಕೂಲಿನ ಕೆಲಸ ಹಿಡಿಯಲಿಲ್ಲ.

ಇವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಒಂದೇ ಮಾತು. ‘ಅಷ್ಟು ದಿನ ನಾನು ನನ್ನ ಕೈಗೇ ಬೈಕೊಂಡು ಕೂತಿದ್ದೆ. ನೀನು ಪಕ್ಕದಲ್ಲೇ ಕೂತಿದ್ದೆ.’ ನಿನ್ನ ಕೆಲಸದ ಬಗ್ಗೆ ಒಂದು ಸೊಲ್ಲೂ ಇಲ್ಲ. ಅವರ ಸಿಟ್ಟು ಅದಕ್ಕಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂದು ಕೇಳಲು ನನಗೆ ಮುಖವಿಲ್ಲ. ನಿನ್ನೆ ನಿನ್ನ ಕಾಗದಗಳನ್ನು ಕೇಳಿದರು, ಇಂಗ್ಲಿಷಿಗೆ ಮಾಡದೆ ಇದ್ದ ಹಾಗೆ ಓದು ಎಂದರು. ಅತ್ತೆಯ ಕೋಣೆಯಲ್ಲಿ ಕೂತು ಮೂರನ್ನೂ ಓದಿದೆ. ‘ಕೈ ನಿಧಾನ, ಆದರೆ ಶುದ್ಧ’ ಎನ್ನುವಲ್ಲಿ ಇವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನಿನ್ನ ಮಾತು ಬೀಳುತ್ತದೆ’ ಎನ್ನುವಲ್ಲಿ ಅತ್ತೆ, ‘ಬಿತ್ತಲ್ಲ, ಇನ್ನು ಬರೋಕೇನಂತೆ? ನಾನು ಎದ್ದು ಓಡಾಡೋ ಹಾಗಿದ್ರೆ ನಾನೇ ಹೋಗಿ ಕರೀತಿದ್ದೆ’ ಎಂದರು.

ಅವರು ಕರೆದರೆಂದು ನೀನು ಬರಬೇಕಾಗಿಲ್ಲ. ನಾನು ಮೇಡಂ ಅನ್ನಿಸಿಕೊಂಡ ಬಾಗಿಲಿಗೆ ಮತ್ತೆ ಬಾ ಎಂದು ಕಾಗದದಲ್ಲಿ ಕರೆಯುವುದು ನನಗೂ ಸರಿ ಕಾಣುವುದಿಲ್ಲ. ಕಾಗದದಲ್ಲಿ ನಾನು ಬಹಳ ಚೆನ್ನಾಗಿ ಕಾಣಿಸುತ್ತೇನೆ, ಅದು ಸಾಕು. ಅಂಗಡಿಗೇ ಬಂದು ನಿನ್ನ ಎದುರಿಗೆ ನಿಂತು ಕೇಳುತ್ತೇನೆ. ವೆಲ್ಡರ್ ಮಾಮ ಇದ್ದರೂ ಇರಲಿ, ಗಿರಾಕಿಗಳು ಇದ್ದರೂ ಇರಲಿ. ಬರುವುದಿಲ್ಲ ಎಂದರೆ ಆ ಮಾತನ್ನೂ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ. ಇವರನ್ನು ಜೊತೆಗೆ ಬನ್ನಿ ಎನ್ನಲಿಲ್ಲ. ನನ್ನ ಕಡೆಯವರು ಪಕ್ಕದಲ್ಲಿದ್ದರೆ ನಾನು ಮತ್ತೆ ಎಲ್ಲವನ್ನೂ ನಗುವಿನಲ್ಲಿ ತೇಲಿಸಿಬಿಡುತ್ತೇನೆ.

ಸ್ಟೇಷನ್ನಿಗೆ ಬರಬೇಡ, ಸೀಸನ್ನಿನಲ್ಲಿ ಅಂಗಡಿ ಮುಚ್ಚಬೇಡ. ನಡೆದುಕೊಂಡೇ ಬರುತ್ತೇನೆ. ಶುಕ್ರವಾರ, ಮೇ ಒಂಬತ್ತು, ಮಧ್ಯಾಹ್ನ ಎರಡೂ ಹತ್ತರ ಪ್ಯಾಸೆಂಜರ್.